ಫೆರಿಕ್‌ನಲ್ಲಿ ಗುಳ್ಳೆ ಎಲ್ಲಿಂದ ಬಂತು?

ನಮಸ್ಕಾರ.

ಬಳ್ಳಾರಿಯಿಂದ ನೀವು ಕಳಿಸಿದ ‘ತಾಮ್ರದ ಮೇಲೆ ಬಳ್ಳಾರಿ ಗುಡ್ಡ’ ಓದಿದೆ. ಬರೀ ಗೆರೆ ಕೊರೆದ ಎಚಿಂಗ್ ತಗಡಿಗೆ (ಆಸಿಡ್‌ನಿಂದ ಕೊರೆದು ಚಿತ್ರದ ಅಚ್ಚು ತೆಗೆಯುವ ತಗಡು) ಅಕ್ವಾಟಿಂಟ್‌ನಿಂದ, ಅಂದರೆ ರಾಳದ ಪುಡಿ ಅಂಟಿಸಿ ಕಾಳುಗಳ ಸಂದಿನಲ್ಲಿ ಆಸಿಡ್ ತಿನ್ನಿಸಿ, ನೆರಳು ತುಂಬುವುದನ್ನು ಹೊಸಬರಿಗೆ ಕಲಿಸುವ ಲೇಖನ. ಈಗಿರುವಂತೆ ಹಾಕಿಕೊಳ್ಳಲು ಬರುವುದಿಲ್ಲ. ತಿದ್ದಿ ಕಳಿಸಿದರೆ ಹಾಕುತ್ತೇವೆ.

ಮೊದಲ ಒಂದೂವರೆ ಪುಟದ ಸೂರ್ಯಾಸ್ತ ತೆಗೆದುಬಿಡಿ; ಓದುವವರು ತಗಡು ಹಿಡಿದು ಕೂತಿರುತ್ತಾರೆ. ಅಕ್ವಾಟಿಂಟ್ ಸ್ಪೇನಿನ ಚಿತ್ರಕಾರ ಗೋಯಾ ಕಂಡುಹಿಡಿದದ್ದು ಎಂಬ ಮಾತೂ ಹೋಗಲಿ. ಅವನ 80 ಚಿತ್ರಗಳ ಹೆಸರಾಂತ ಸರಣಿ 1799ರದ್ದು. ಫ್ರಾನ್ಸಿನ ಕಲಾವಿದ ಲೆ ಪ್ರಾನ್ಸ್ 1760ರ ದಶಕದಲ್ಲೇ ಅಕ್ವಾಟಿಂಟ್ ಮಾಡಿದ್ದ.

ನನ್ನನ್ನು ನಿಲ್ಲಿಸಿದ್ದು ಮೂರನೇ ಪುಟ. ತಾಮ್ರದ ತಗಡು, ಅದನ್ನು ತಿನ್ನಿಸಲು ಫೆರಿಕ್ ಕ್ಲೋರೈಡ್ ದ್ರಾವಣ ಎಂದು ಶುರುಮಾಡಿ, ಅಲ್ಲಿ ‘ಏಳುವ ಗುಳ್ಳೆಗಳನ್ನು ಗರಿಯಿಂದ ಸವರಿ’ ಎಂದಿದ್ದೀರಿ. ಫೆರಿಕ್ ತಾಮ್ರವನ್ನು ತಿನ್ನುವಾಗ ಗುಳ್ಳೆ ಏಳುವುದಿಲ್ಲ. ಗರಿ ಬೇಕಾಗುವುದು ಜಿಂಕ್ ತಗಡನ್ನು ನೈಟ್ರಿಕ್ ಆಸಿಡ್‌ಗೆ ಹಾಕಿದಾಗ. ಎರಡು ಥಾನಿನ ಬಟ್ಟೆ ತಂದು ಒಂದೇ ಅಂಗಿ ಹೊಲಿದಂತಾಗಿದೆ. ಫೆರಿಕ್‌ನಲ್ಲಿ ಕಾಡುವುದು ಗಸಿ. ಅದು ತಿಂದ ಕುಳಿಗಳಲ್ಲೇ ಕೂತು ಮುಂದಿನ ಕೊರೆತಕ್ಕೆ ಅಡ್ಡ ಬರುತ್ತದೆ. ಹಾಗಾಗಿ ತಗಡನ್ನು ಮುಖ ಕೆಳಗೆ ಮಾಡಿ ತಳಕ್ಕೆ ತಾಗದಂತೆ ಇಡಬೇಕು, ಇಲ್ಲವೇ ನೆಟ್ಟಗೆ ನಿಲ್ಲಿಸಿ ಅದ್ದಬೇಕು.

‘ರಾಳದ ಪುಡಿ ಚೆನ್ನಾಗಿ ಕರಗುವವರೆಗೆ ಕಾಯಿಸಿ’ ಎಂಬ ನಿಮ್ಮ ಸಾಲು ನಂಬಿದವರ ತಗಡು ಕೆಟ್ಟಂತೆಯೇ. ಕಾಳುಗಳು ಪೂರ್ತಿ ಕರಗಿ ಒಂದಕ್ಕೊಂದು ಸೇರಿದರೆ ಪೊರೆ ಕಟ್ಟುತ್ತದೆ. ಆಸಿಡ್ ಒಳಗಿಳಿಯಲು ಸಂದೇ ಇರುವುದಿಲ್ಲ, ಅಚ್ಚಿನಲ್ಲಿ ಆ ಜಾಗ ಬೋಳು. ಕಣ್ಣಿಗೆ ಕಾಣುವ ಗುರುತು ಕೊಡಿ: ಹಿಟ್ಟು ಚೆಲ್ಲಿದಂತೆ ಮಂಕಾಗಿದ್ದ ಪುಡಿ ಕಾವು ತಾಗುತ್ತಲೇ ಪಾರದರ್ಶಕವಾಗಿ ಮಿನುಗುತ್ತದೆ. ಆ ಕ್ಷಣಕ್ಕೆ ಉರಿಯನ್ನು ಪಕ್ಕಕ್ಕೆ ಸರಿಸಬೇಕು. ಆರಿದ ಮೇಲೆ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಲಿ. ಪುಡಿ ಬೆರಳಿಗೆ ಅಂಟಿತೋ, ಕಾವು ಸಾಲದು, ಆಸಿಡ್‌ನಲ್ಲಿ ಎದ್ದುಹೋಗುತ್ತದೆ. ಪುಡಿ ತಗಡಿನ ಸುಮಾರು ಅರ್ಧ ಜಾಗವನ್ನಷ್ಟೇ ಮುಚ್ಚಿರಬೇಕು. ತೀರಾ ತೆಳುವಾದರೆ ಕಾಳುಗಳ ನಡುವಿನ ಲೋಹ ಬಯಲಾಗಿ ಕರಗುತ್ತದೆ. ಶಾಯಿ ಒರೆಸುವಾಗ ಬಯಲಿನದೆಲ್ಲ ಬಂದುಬಿಟ್ಟು ಅಂಚಿನಲ್ಲಿ ಮಾತ್ರ ನಿಲ್ಲುತ್ತದೆ. ಕಪ್ಪು ಬೇಕೆಂದ ಕಡೆ ಬೂದಿ ಬಣ್ಣ.

ಪುಡಿ ಉದುರಿಸುವಾಗ ಫ್ಯಾನ್ ಆರಿಸಿರಬೇಕು, ಮಾಸ್ಕ್ ಕಟ್ಟಿರಬೇಕು, ಹತ್ತಿರ ಬೆಂಕಿ ಕೂಡದು, ಏಕೆಂದರೆ ಗಾಳಿಯಲ್ಲಿ ತೇಲುವ ರಾಳ ಭಗ್ಗನೆ ಹೊತ್ತಿಕೊಳ್ಳಬಲ್ಲದು. (ಮೇ ತಿಂಗಳ ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಎಂದರೆ ಬೈಸಿಕೊಳ್ಳುತ್ತೀರಿ. ಬರೆಯಿರಿ.)

ಇನ್ನು ಲೆಕ್ಕ. ಒಂದೊಂದೇ ಛಾಯೆಯನ್ನು ಆಸಿಡ್ ತಡೆಯುವ ವಾರ್ನಿಷ್‌ನಿಂದ ಮುಚ್ಚುತ್ತ ತಗಡನ್ನು ಮತ್ತೆ ಮತ್ತೆ ಅದ್ದಲು ‘15 ಸೆಕೆಂಡು, 30 ಸೆಕೆಂಡು, 1 ನಿಮಿಷ, 2 ನಿಮಿಷ’ ಎಂದಿದ್ದೀರಿ. ಇದು ಪ್ರತಿ ಸಲ ಅದ್ದುವ ಹೊತ್ತೋ, ಒಟ್ಟು ಹೊತ್ತೋ? ಪ್ರತಿ ಸಲದ್ದಾದರೆ ಮೂರನೇ ಛಾಯೆ 1 ನಿಮಿಷದ್ದಲ್ಲ, 1 ನಿಮಿಷ 45 ಸೆಕೆಂಡಿನದು; ಮೊದಲೆರಡು ಸಲವೂ ಅದು ಆಸಿಡ್ ಕುಡಿದಿರುತ್ತದೆ. ಇದಕ್ಕೂ ಮುಂಚೆ ಬಿಳಿಯಾಗಿಯೇ ಉಳಿಯಬೇಕಾದ ಜಾಗಕ್ಕೆ ಮತ್ತು ತಗಡಿನ ಬೆನ್ನಿಗೆ ವಾರ್ನಿಷ್ ಬಳಿಯಬೇಕೆಂದು ಹೇಳಿಲ್ಲ. ನಿಮ್ಮ ಗುಡ್ಡದ ನೆತ್ತಿಯ ಬೆಳಕು ಬಂದದ್ದೇ ಅದರಿಂದ ಅಲ್ಲವೇ?

ಈ ಹೊತ್ತುಗಳನ್ನೂ ಎಲ್ಲರಿಗೂ ಒಂದೇ ಎಂಬಂತೆ ಕೊಡಬೇಡಿ. 40 ಡಿಗ್ರಿ ಬಿಸಿಲಿನ ಕೋಣೆಯಲ್ಲಿಟ್ಟ ಫೆರಿಕ್ ಬೆಳಗಿನ ತಂಪಿನಲ್ಲಿ ತಿನ್ನುವುದಕ್ಕಿಂತ ಬೇಗ ತಿನ್ನುತ್ತದೆ. ಅದೇ ತಾಮ್ರದ ಒಂದು ತುಂಡಿಗೆ ಅದೇ ರಾಳ ಹಾಕಿ, ಅದೇ ದಿನ ಪರೀಕ್ಷೆ ಮಾಡಿಕೊಳ್ಳಲಿ.

‘ವಾರ್ನಿಷ್ ಮೊಂಡು ಕುಂಚದಲ್ಲಿ ಬಳಿದರೆ ಬಂಡೆಯ ಅಂಚು ಬಂಡೆಯಂತೆಯೇ ಒರಟಾಗುತ್ತದೆ’ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀರಲ್ಲ, ಅದು ಮಾಡಿ ನೋಡಿದವರ ಮಾತು. ಅದನ್ನು ಮೊದಲ ಪುಟಕ್ಕೆ ತನ್ನಿ. ಪರೀಕ್ಷೆಯ ತುಂಡಿನಿಂದ ತೆಗೆದ ಅಚ್ಚಿನ ಫೋಟೊ ಕಳಿಸಿ, ಪ್ರತಿ ಛಾಯೆಯ ಪಕ್ಕದಲ್ಲಿ ಒಟ್ಟು ಹೊತ್ತು ಬರೆದಿರಲಿ.