ನಾಲ್ಕನೇ ಕೊಟೇಶನ್ ಸೇರಿಸಿದ ಕೂಡಲೇ ಮೊದಲ ಸ್ಥಾನ ಬದಲಾಗಿದ್ದು ಏಕೆ?

ಪ್ರಶ್ನೆ: ನಮ್ಮ ವರ್ಕ್‌ಶಾಪ್‌ಗೆ ಒಂದು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಿತ ಕಡೆಯುವ ಯಂತ್ರ) ಬೇಕು. ಬೆಲೆಗೆ 50, ಡೆಲಿವರಿಗೆ 20, ಸರ್ವಿಸ್‌ಗೆ 30 ವೇಯ್ಟೇಜ್ ಕೊಟ್ಟು ಮೂರು ಕೊಟೇಶನ್‌ಗಳನ್ನು ಎಕ್ಸೆಲ್‌ನಲ್ಲಿ ಹಾಕಿದಾಗ ಎ ಮೊದಲು ಬಂತು. ಆಮೇಲೆ ನಾಲ್ಕನೆಯದು ಬಂತು, ಅದನ್ನೂ ಸೇರಿಸಿದೆ. ಅದಕ್ಕೆ ಸೊನ್ನೆ ಅಂಕ, ಆದರೆ ಈಗ ಬಿ ಮೊದಲ ಸ್ಥಾನದಲ್ಲಿದೆ! ಸೂತ್ರ ತಪ್ಪಾಗಿದೆಯೇ? ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರಾಸೆಸ್) ವಿಧಾನ ಬಳಸಿದರೆ ಸರಿಹೋಗುತ್ತದೆಯೇ?

ಉತ್ತರ:

ಸೂತ್ರ ಸರಿಯಾಗಿದೆ. ತೊಂದರೆ ಇರುವುದು 50, 20, 30 ಎಂಬ ವೇಯ್ಟೇಜ್‌ನಲ್ಲಿ. ಎಎಚ್‌ಪಿಗೆ ಹೋದರೂ ಅದು ನಿಮ್ಮ ಹಿಂದೆಯೇ ಬರುತ್ತದೆ. ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ತೋರಿಸುತ್ತೇನೆ.

ಎ: 24 ಲಕ್ಷ, 10 ವಾರ, ಕಂಪ್ಲೇಂಟ್ ಕೊಟ್ಟ 48 ಗಂಟೆಯಲ್ಲಿ ಸರ್ವಿಸ್ ಎಂಜಿನಿಯರ್
ಬಿ: 28 ಲಕ್ಷ, 6 ವಾರ, 24 ಗಂಟೆ
ಸಿ: 26 ಲಕ್ಷ, 12 ವಾರ, 72 ಗಂಟೆ
ಡಿ: 36 ಲಕ್ಷ, 12 ವಾರ, 72 ಗಂಟೆ

ಪ್ರತಿ ಕಾಲಂನಲ್ಲಿ ಎಲ್ಲರಿಗಿಂತ ಒಳ್ಳೆಯದಕ್ಕೆ 1, ಎಲ್ಲರಿಗಿಂತ ಕೆಟ್ಟದ್ದಕ್ಕೆ 0, ನಡುವಿನವಕ್ಕೆ ಅದೇ ಪ್ರಮಾಣದಲ್ಲಿ ಅಂಕ ಕೊಟ್ಟಿದ್ದೀರಿ. ಎಲ್ಲರೂ ಮಾಡುವುದು ಹೀಗೇ. ಮೂರೇ ಕೊಟೇಶನ್ ಇದ್ದಾಗ ಎಗೆ 50 + 6.67 + 15 = 71.67, ಬಿಗೆ 0 + 20 + 30 = 50. ಡಿ ಸೇರಿದ ಮೇಲೆ ಎ 71.67ರಲ್ಲೇ ಇದೆ, ಆದರೆ ಬಿ 33.33 + 20 + 30 = 83.33ಕ್ಕೆ ಜಿಗಿದಿದೆ. ಬಿಯ ಬೆಲೆ ಒಂದು ರೂಪಾಯಿಯೂ ಇಳಿದಿಲ್ಲ. 36 ಲಕ್ಷದ ಡಿ ಪಕ್ಕದಲ್ಲಿ ಬಂದು ನಿಂತದ್ದರಿಂದ 28 ಲಕ್ಷ ಅಗ್ಗವಾಗಿ ಕಂಡಿತು, ಅಷ್ಟೇ.

ಇನ್ನೂ ಒಂದನ್ನು ಗಮನಿಸಿ. ಸಿ ಮೂರೂ ವಿಷಯದಲ್ಲಿ ಎಗಿಂತ ಹಿಂದಿದೆ, ಡಿ ಕೂಡ ಹಾಗೇ. ಎ ಕೈಯಲ್ಲಿರುವಾಗ ಇವೆರಡನ್ನೂ ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ತೆಗೆದುಹಾಕಿ. ಉಳಿದ ಎ ಮತ್ತು ಬಿಗೆ ಅದೇ ಲೆಕ್ಕ ಹಾಕಿದರೆ ಇಬ್ಬರಿಗೂ ಸರಿಯಾಗಿ 50! ಅಂದರೆ ಯಾರೂ ಕೊಳ್ಳದ ಎರಡು ಯಂತ್ರಗಳು ಪಟ್ಟಿಯಲ್ಲಿ ಇವೆಯೋ ಇಲ್ಲವೋ ಎಂಬುದರ ಮೇಲೆ ಎ ಗೆಲ್ಲುತ್ತದೆ, ಬಿ ಗೆಲ್ಲುತ್ತದೆ, ಇಲ್ಲವೇ ಸಮ ಬರುತ್ತದೆ. ವೇಯ್ಟೇಜ್ ಮೂರೂ ಸಲ ಅದೇ.

ಕಾರಣವನ್ನು ರೂಪಾಯಿಯಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಮೂರು ಕೊಟೇಶನ್ ಇದ್ದಾಗ ಬೆಲೆಯ 50 ಅಂಕ 4 ಲಕ್ಷದ ಅಂತರಕ್ಕೆ (24ರಿಂದ 28) ಹಂಚಿಹೋಗಿತ್ತು, ಒಂದು ಲಕ್ಷಕ್ಕೆ 12.5 ಅಂಕ. ಡೆಲಿವರಿಯ 20 ಅಂಕ 6 ವಾರಕ್ಕೆ, ವಾರಕ್ಕೆ 3.33. ಹಾಗಾದರೆ ಒಂದು ವಾರ ಬೇಗ ಬರುವುದಕ್ಕೆ ನೀವು ಕಟ್ಟಿದ ಬೆಲೆ ಸುಮಾರು 26,700 ರೂ. ಡಿ ಬಂದ ಮೇಲೆ ಅದೇ 50 ಅಂಕ 12 ಲಕ್ಷಕ್ಕೆ ಹರಡಿತು, ಲಕ್ಷಕ್ಕೆ 4.17 ಅಂಕ. ಈಗ ಅದೇ ಒಂದು ವಾರದ ಬೆಲೆ 80,000 ರೂ. ಸರ್ವಿಸ್ ಒಂದು ದಿನ ಬೇಗ ಸಿಗುವುದರ ಬೆಲೆಯೂ 1.2 ಲಕ್ಷದಿಂದ 3.6 ಲಕ್ಷಕ್ಕೆ ಏರಿತು. ಬಿಗೆ ನೀವು ಹೆಚ್ಚು ಕೊಡಬೇಕಾದದ್ದು 4 ಲಕ್ಷ, ಸಿಗುವುದು 4 ವಾರ ಮತ್ತು ಒಂದು ದಿನ. ಮೊದಲ ಲೆಕ್ಕದಲ್ಲಿ ಅದರ ಮೌಲ್ಯ 2.27 ಲಕ್ಷ, ಆದ್ದರಿಂದ ಎ ಗೆದ್ದಿತು. ಎರಡನೆಯದರಲ್ಲಿ 6.8 ಲಕ್ಷ, ಆದ್ದರಿಂದ ಬಿ.

ಹಾಗಾಗಿ "ಬೆಲೆ ಎಷ್ಟು ಮುಖ್ಯ?" ಎಂಬ ಪ್ರಶ್ನೆಗೇ ಅರ್ಥವಿಲ್ಲ. ಎಷ್ಟು ಲಕ್ಷದ ವ್ಯತ್ಯಾಸ, ಎಷ್ಟು ವಾರದ ವ್ಯತ್ಯಾಸದ ಎದುರಿಗೆ? ಅದನ್ನು ಹೇಳದೆ ಕೊಟ್ಟ ವೇಯ್ಟೇಜ್ ಯಾರ ಮನಸ್ಸನ್ನೂ ಹೇಳುವುದಿಲ್ಲ.

ಈಗ ಎಎಚ್‌ಪಿ. ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಎರಡೆರಡು ಮಾನದಂಡಗಳನ್ನು 1ರಿಂದ 9ರ ಅಳತೆಯಲ್ಲಿ ಹೋಲಿಸುತ್ತೀರಿ. ಅದರಲ್ಲಿ ಒಂದು ಒಳ್ಳೆಯ ಗುಣವಿದೆ: ನಿಮ್ಮ ಮಾತಿಗೆ ಮಾತು ಕೂಡುತ್ತದೆಯೇ ಎಂದು ಪರೀಕ್ಷಿಸುತ್ತದೆ. ಬೆಲೆ ಡೆಲಿವರಿಗಿಂತ 3 ಪಟ್ಟು, ಡೆಲಿವರಿ ಸರ್ವಿಸ್‌ಗಿಂತ 2 ಪಟ್ಟು ಮುಖ್ಯ ಎಂದಿರಿ. ಹಾಗಾದರೆ ಬೆಲೆ ಸರ್ವಿಸ್‌ಗಿಂತ 6 ಪಟ್ಟು ಇರಬೇಕು. ನೀವು 2 ಪಟ್ಟು ಎಂದು ಬರೆದರೆ ಕನ್ಸಿಸ್ಟೆನ್ಸಿ ರೇಶಿಯೋ ಸುಮಾರು 0.12 ಬರುತ್ತದೆ. 0.10 ದಾಟಿದರೆ ಮತ್ತೆ ಯೋಚಿಸಿ ಎಂಬುದು ರೂಢಿ. ಆದರೆ ರೇಶಿಯೋ 0.02 ಬಂದರೂ ಉತ್ತರ ಸರಿ ಎಂದೇನಲ್ಲ, ಏಕೆಂದರೆ "ಎಷ್ಟು ಪಟ್ಟು ಮುಖ್ಯ" ಎಂದು ಕೇಳುವಾಗಲೂ ಅಂತರದ ಮಾತು ಬರುವುದಿಲ್ಲ. ಇರುವ ಆಯ್ಕೆಗಳಲ್ಲಿ ಒಂದರ ನಕಲನ್ನೇ ಪಟ್ಟಿಗೆ ಸೇರಿಸಿದರೂ ಎಎಚ್‌ಪಿಯಲ್ಲಿ ಮೊದಲ ಸ್ಥಾನ ಬದಲಾಗಬಹುದು ಎಂದು ಸಂಶೋಧಕರಾದ ಬೆಲ್ಟನ್ ಮತ್ತು ಗಿಯರ್ 1983ರಲ್ಲೇ ತೋರಿಸಿದ್ದಾರೆ. ಪ್ರತಿ ಆಯ್ಕೆ 'ಆದರ್ಶ' ಬಿಂದುವಿಗೆ ಎಷ್ಟು ಹತ್ತಿರ ಎಂದು ಅಳೆಯುವ ಟಾಪ್ಸಿಸ್ ವಿಧಾನದಲ್ಲೂ ಆ ಬಿಂದುವನ್ನು ಪಟ್ಟಿಯಲ್ಲಿರುವ ಆಯ್ಕೆಗಳಿಂದಲೇ ತೆಗೆಯುವುದರಿಂದ ಇದೇ ಕಾಯಿಲೆ.

ಸರ್ಕಾರಿ ಕನ್ಸಲ್ಟೆನ್ಸಿ ಟೆಂಡರ್‌ಗಳಲ್ಲಿ ಬಳಸುವ ಕ್ಯೂಸಿಬಿಎಸ್ (ಗುಣಮಟ್ಟ, ಬೆಲೆ ಎರಡನ್ನೂ ನೋಡುವ ಆಯ್ಕೆ ವಿಧಾನ) ಕೂಡ ಹೊರತಲ್ಲ. ಅಲ್ಲಿ ಅತಿ ಕಡಿಮೆ ಬಿಡ್‌ಗೆ 100 ಅಂಕ, ಉಳಿದವರಿಗೆ ಕನಿಷ್ಠ ಬಿಡ್ ಭಾಗಿಸು ತಮ್ಮ ಬಿಡ್, ಗುಣಿಸು 100. ತಾಂತ್ರಿಕ ಅಂಕಕ್ಕೆ 80, ಬೆಲೆಗೆ 20 ಪಾಲು ಎಂದುಕೊಳ್ಳಿ. ಒಬ್ಬರಿಗೆ ತಾಂತ್ರಿಕ ಅಂಕ 90, ಬಿಡ್ 30 ಲಕ್ಷ. ಇನ್ನೊಬ್ಬರಿಗೆ 84 ಮತ್ತು 20 ಲಕ್ಷ. ಒಟ್ಟು 85.3 ಮತ್ತು 87.2, ಎರಡನೆಯವರಿಗೆ ಕೆಲಸ. ತಾಂತ್ರಿಕ ಅಂಕ 70 ಇರುವ ಮೂರನೆಯವರು 12 ಲಕ್ಷಕ್ಕೆ ಬಿಡ್ ಹಾಕಿದರೆ ಅಂಕಗಳು 80, 79.2, 76 ಆಗುತ್ತವೆ. ಮೂರನೆಯವರು ಕೊನೆಯಲ್ಲೇ ಉಳಿದು ಕೆಲಸವನ್ನು ಮೊದಲನೆಯವರಿಗೆ ಕೊಡಿಸಿಬಿಟ್ಟರು. ಸಾರ್ವಜನಿಕ ಹಣದ ವಿಷಯದಲ್ಲಿ ಇದು ನನಗೆ ನಿಜಕ್ಕೂ ಕಳವಳದ ಸಂಗತಿ.

ನಿಮ್ಮ ಲೇತ್‌ಗೆ ನಾನು ಹೇಳುವ ದಾರಿ ಹೀಗೆ.

ಮೊದಲು, ಅಂಕ ಕೊಡಬಾರದ್ದನ್ನು ಹೊರಗಿಡಿ. ನಿಮ್ಮ ಡ್ರಾಯಿಂಗ್‌ನ ಟಾಲರೆನ್ಸ್‌ಗೆ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಬೇಕಾದ ನಿಖರತೆ ಯಂತ್ರಕ್ಕೆ ಇಲ್ಲದಿದ್ದರೆ ಅದು ಎಷ್ಟೇ ಅಗ್ಗವಾದರೂ ಉಪಯೋಗವಿಲ್ಲ. ಅಂಕ ಕೊಟ್ಟು ಕೂಡಿದರೆ ಅಗ್ಗದ ಬೆಲೆ ಆ ಕೊರತೆಯನ್ನು ಮುಚ್ಚಿಬಿಡುತ್ತದೆ. ಇಂಥದ್ದು ಪಾಸ್/ಫೇಲ್ ಆಗಿರಲಿ. ಗಿರಾಕಿಯ ಪಿಒದಲ್ಲಿ (ಪರ್ಚೇಸ್ ಆರ್ಡರ್) 8 ವಾರದ ಗಡುವಿದ್ದು, ಅದು ತಪ್ಪಿದರೆ ಆರ್ಡರ್ ಹೋಗುತ್ತದೆ ಎಂದಾದರೆ ಡೆಲಿವರಿಯೂ ಪಾಸ್/ಫೇಲ್, ಆಗ ಎ ಅಲ್ಲೇ ಹೊರಗೆ. ಗಡುವು ಅಷ್ಟು ಕಟ್ಟುನಿಟ್ಟಿಲ್ಲ ಎಂದುಕೊಂಡು ಮುಂದುವರಿಯುತ್ತೇನೆ.

ಎರಡನೆಯದಾಗಿ ಕಾಲಂಗಳ ಅರ್ಥವನ್ನು ಗಟ್ಟಿ ಮಾಡಿ. ಬೆಲೆ ಎಂದರೆ ಯಂತ್ರ ನಿಮ್ಮ ನೆಲದ ಮೇಲೆ ಓಡುವವರೆಗಿನ ಖರ್ಚು: ಸಾಗಣೆ, ಕ್ರೇನ್, ಫೌಂಡೇಶನ್, ಸ್ಟೆಬಿಲೈಸರ್, ಚಕ್ ಮತ್ತು ಟೂಲ್ ಹೋಲ್ಡರ್‌ಗಳು. ಒಂದು ಕೊಟೇಶನ್‌ನಲ್ಲಿ ಇವು ಸೇರಿದ್ದು ಇನ್ನೊಂದರಲ್ಲಿ ಬಿಟ್ಟಿರುವುದು ಮಾಮೂಲಿ. ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಿರಾದರೆ ಎಲ್ಲರದ್ದನ್ನೂ ಜಿಎಸ್‌ಟಿ ಬಿಟ್ಟು ಹೋಲಿಸಿ. '48 ಗಂಟೆ' ಎಂದರೆ ಎಂಜಿನಿಯರ್ ಬರುವುದೋ, ಯಂತ್ರ ಮತ್ತೆ ಓಡುವುದೋ? ಬಂದವರ ಕೈಯಲ್ಲಿ ಬಿಡಿಭಾಗ ಇರುತ್ತದೆಯೋ? ಕೇಳಿ ಬರೆಸಿಕೊಳ್ಳಿ. ಸರ್ವಿಸ್, ಬಿಡಿಭಾಗ, ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಎಂದು ಮೂರು ಕಾಲಂ ಮಾಡಬೇಡಿ. ಮೂರೂ ಹೇಳುವುದು ಯಂತ್ರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಒಂದೇ ಮಾತನ್ನು. ಬೇರೆ ಬೇರೆ ಬರೆದರೆ ಅದಕ್ಕೆ ಮೂರು ಪಾಲು ವೇಯ್ಟೇಜ್ ಹೋಗುತ್ತದೆ.

ಮೂರನೆಯದು ಮುಖ್ಯ, ಇಲ್ಲಿ ಸಮಯ ಕೊಡಿ. ಅಳತೆಯ ಎರಡು ತುದಿಗಳನ್ನು ಕೊಟೇಶನ್ ನೋಡಿ ತೆಗೆಯಬೇಡಿ, ಮಾರುಕಟ್ಟೆ ನೋಡಿ ನೀವೇ ನಿಗದಿ ಮಾಡಿ. ಬೆಲೆ 22ರಿಂದ 32 ಲಕ್ಷ, ಡೆಲಿವರಿ 4ರಿಂದ 14 ವಾರ, ಸರ್ವಿಸ್ 12ರಿಂದ 72 ಗಂಟೆ ಎಂದಿರಲಿ. ಇನ್ನು ಯಾರು ಬಂದರೂ ಹೋದರೂ ಈ ತುದಿಗಳು ಅಲುಗಾಡುವುದಿಲ್ಲ. ಆಮೇಲೆ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಿ: 32 ಲಕ್ಷ, 14 ವಾರ, 72 ಗಂಟೆ, ಎಲ್ಲದರಲ್ಲೂ ಕೆಟ್ಟದ್ದು. ಒಂದನ್ನು ಮಾತ್ರ ಈ ತುದಿಯಿಂದ ಆ ತುದಿಗೆ ಒಯ್ಯಬಹುದು ಎಂದರೆ ಯಾವುದನ್ನು ಒಯ್ಯುವಿರಿ? ಅದಕ್ಕೆ 100. ಉಳಿದವುಗಳ ಅಂಥದೇ ಜಿಗಿತ ಅದರ ಎದುರು ಎಷ್ಟು ಬೆಲೆಬಾಳುತ್ತದೆಯೋ ಅಷ್ಟು ಅಂಕ. ಇದನ್ನು ಸ್ವಿಂಗ್ ವೇಯ್ಟಿಂಗ್ ಎನ್ನುತ್ತಾರೆ.

ಆ 'ಎಷ್ಟು' ಎಂಬುದನ್ನು ಊಹಿಸದೆ ಲೆಕ್ಕ ಹಾಕಬಹುದು. ಯಂತ್ರ ಬರುವವರೆಗೆ ಕೆಲಸವನ್ನು ಹೊರಗೆ ಜಾಬ್ ವರ್ಕ್‌ಗೆ ಕೊಡುವುದರಿಂದ ವಾರಕ್ಕೆ 40,000 ರೂ. ಹೆಚ್ಚುವರಿ ಖರ್ಚು ಎಂದಿಟ್ಟುಕೊಳ್ಳೋಣ. 10 ವಾರದ ಜಿಗಿತಕ್ಕೆ 4 ಲಕ್ಷ. ಸರ್ವಿಸ್ ಒಂದು ದಿನ ತಡವಾದರೆ ಎರಡು ಶಿಫ್ಟ್, 16 ಗಂಟೆ ನಷ್ಟ. ಗಂಟೆಗೆ 700 ರೂ. ಎಂದರೆ 11,200. ವರ್ಷಕ್ಕೆ 3 ಬ್ರೇಕ್‌ಡೌನ್ ಆದರೆ 33,600. ಯಂತ್ರ 7 ವರ್ಷ ಇರುತ್ತದೆ, ಬಡ್ಡಿ ಶೇ 10 ಎಂದರೆ ಮುಂದಿನ ವರ್ಷಗಳ ನಷ್ಟವನ್ನು ಇಂದಿನ ಬೆಲೆಗೆ ತರುವ ಗುಣಕ 4.868 (ಎಕ್ಸೆಲ್‌ನ ಪಿವಿ ಫಂಕ್ಷನ್ ಕೊಡುತ್ತದೆ), ಒಟ್ಟು ಸುಮಾರು 1.64 ಲಕ್ಷ. 60 ಗಂಟೆ ಎಂದರೆ ಎರಡೂವರೆ ದಿನ, 4.1 ಲಕ್ಷ. ಬೆಲೆಯ ಜಿಗಿತ 10 ಲಕ್ಷ. ಆದ್ದರಿಂದ ಅಂಕಗಳು 100, 40, 41. ವಾರದ 40,000, ಗಂಟೆಯ 700, ವರ್ಷದ 3 ಬ್ರೇಕ್‌ಡೌನ್ ನಾನು ಉದಾಹರಣೆಗೆ ಇಟ್ಟವು. ಅವುಗಳ ಜಾಗದಲ್ಲಿ ನಿಮ್ಮ ಲೆಡ್ಜರ್‌ನ ಅಂಕಿಗಳನ್ನು ಹಾಕಿ.

ಎ: 80 + 16 + 16.4 = 112.4. ಬಿ: 40 + 32 + 32.8 = 104.8. ಒಂದು ಅಂಕ ಎಂದರೆ 10,000 ರೂ. ಆದ್ದರಿಂದ ಎ 76,000 ರೂ.ನಷ್ಟು ಮುಂದಿದೆ. ಡಿ ಬಂದರೂ ಸಿ ಹೋದರೂ ಈ 76,000 ಹಾಗೇ ಇರುತ್ತದೆ.

ಆದರೆ 24 ಲಕ್ಷದ ಖರೀದಿಯಲ್ಲಿ 76,000 ದೊಡ್ಡ ಅಂತರವೇನೂ ಅಲ್ಲ. ಆದ್ದರಿಂದ ನಂಬಿಕೆ ಕಡಿಮೆ ಇರುವ ಅಂಕಿಯನ್ನು ಅಲ್ಲಾಡಿಸಿ ನೋಡಿ. ಇಲ್ಲಿ ಅದು ಬ್ರೇಕ್‌ಡೌನ್ ಸಂಖ್ಯೆ. ವರ್ಷಕ್ಕೆ 4 ಆದರೂ ಬಿಯ ಲಾಭ 1.6 (4 ವಾರ ಬೇಗ ಬರುವುದಕ್ಕೆ) + 2.18 (ಸರ್ವಿಸ್ ಒಂದು ದಿನ ಬೇಗ ಸಿಗುವುದಕ್ಕೆ) = 3.78 ಲಕ್ಷ, 4 ಲಕ್ಷಕ್ಕಿಂತ ಕಡಿಮೆ, ಎ ಉಳಿಯುತ್ತದೆ. 5 ಆದರೆ 4.33 ಲಕ್ಷ, ಬಿ ಗೆಲ್ಲುತ್ತದೆ. ವೇಯ್ಟೇಜ್ ಜಗಳವೆಲ್ಲ ಈಗ ಒಂದೇ ಪ್ರಶ್ನೆಗೆ ಇಳಿದಿದೆ: ಈ ಮಾಡೆಲ್ ವರ್ಷಕ್ಕೆ ಎಷ್ಟು ಸಲ ನಿಲ್ಲುತ್ತದೆ? ಅದನ್ನು ಈಗಾಗಲೇ ಬಳಸುತ್ತಿರುವ ಮೂರ್ನಾಲ್ಕು ವರ್ಕ್‌ಶಾಪ್‌ಗಳಿಗೆ ಫೋನ್ ಮಾಡಿ ಕೇಳಬಹುದು. ಎ ಮತ್ತು ಬಿಯ ಯಂತ್ರಗಳು ಒಂದೇ ಲೆಕ್ಕದಲ್ಲಿ ಕೆಡದಿದ್ದರೆ ಇಬ್ಬರಿಗೂ ಬೇರೆ ಬೇರೆ ಸಂಖ್ಯೆ ಹಾಕಿ.

ಮಾಲೀಕರು, ಪ್ರೊಡಕ್ಷನ್, ಅಕೌಂಟ್ಸ್ ಮೂವರೂ ಕೂತು ನಿರ್ಧರಿಸುವುದಾದರೆ ಮೂವರ ವೇಯ್ಟೇಜ್ ತೆಗೆದು ಸರಾಸರಿ ಮಾಡಬೇಡಿ, ಯಾರ ಮನಸ್ಸಿನಲ್ಲಿ ಏನಿದೆ ಎಂಬುದೇ ಅದರಲ್ಲಿ ಅಳಿಸಿಹೋಗುತ್ತದೆ. ಒಂದು ವಾರ ತಡವಾದರೆ ಎಷ್ಟು ರೂಪಾಯಿ ನಷ್ಟ ಎಂದು ಮೂವರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಲಿ. ಒಬ್ಬರು 15,000, ಇನ್ನೊಬ್ಬರು ಒಂದು ಲಕ್ಷ ಬರೆದರೆ ಮಾತಾಡಬೇಕಾದದ್ದು ಅಲ್ಲೇ. ಸಾಮಾನ್ಯವಾಗಿ ಒಬ್ಬರಿಗೆ ಗೊತ್ತಿರುವ ಆರ್ಡರ್ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಈ ಲೆಕ್ಕವನ್ನು ಚೌಕಾಸಿಗೂ ಒಯ್ಯಿರಿ. ಬಿ 80,000 ಇಳಿಸಿದರೆ ಅವರದ್ದೇ ಮೇಲು. ಎ ಕಡೆಯವರು 24 ಗಂಟೆಯ ಸರ್ವಿಸ್ ಒಪ್ಪಿದರೆ ಅದು ನಿಮಗೆ 1.64 ಲಕ್ಷ ಬಾಳುತ್ತದೆ, ಅದಕ್ಕಾಗಿ ವರ್ಷಕ್ಕೆ 20,000 ಹೆಚ್ಚು ಕೇಳಿದರೂ ಒಪ್ಪಬಹುದು. ಒಪ್ಪಿದ್ದನ್ನು ತಡವಾದ ದಿನಕ್ಕೆ ಇಷ್ಟು ಕಡಿತ ಎಂಬ ಷರತ್ತಿನೊಂದಿಗೆ ಪಿಒದಲ್ಲೇ ಬರೆಸಿ, ಕೊನೆಯ ಶೇ 10 ಹಣವನ್ನು ಕಮಿಷನಿಂಗ್ (ಯಂತ್ರ ಕೂರಿಸಿ ಓಡಿಸಿ ತೋರಿಸುವುದು) ಮುಗಿದ ಮೇಲೆ ಕೊಡುವಂತೆ ಇಟ್ಟುಕೊಳ್ಳಿ.