ಉತ್ತರ ಹೇಳೋದಕ್ಕೆ ಅವಸರ ಬೇಡ

ಪ್ರೀತಿಯ ಓದುಗರೇ,

ನಾಲ್ಕು ವರ್ಷದವಳಿದ್ದಾಗ ಮಾತುಮಾತಿಗೂ ‘ಯಾಕೆ’ ಅಂತ ಕೇಳುತ್ತಿದ್ದ ಮಗಳು ಈಗ ಆರನೇ ತರಗತಿ, ವಿಜ್ಞಾನದಲ್ಲಿ ಒಳ್ಳೆಯ ಅಂಕ ತರುತ್ತಾಳೆ, ಆದರೆ ಪುಸ್ತಕ ತೆಗೆದರೆ ಬೋರ್ ಅನ್ನುತ್ತಾಳೆ ಎಂದು ಬರೆದಿದ್ದೀರಿ. ಸೈನ್ಸ್ ಕಿಟ್ ಕೊಡಿಸಲಾ ಅಂತಲೂ ಕೇಳಿದ್ದೀರಿ. ಕೊನೆಯಲ್ಲಿ, ‘ನನಗೇ ವಿಜ್ಞಾನ ಅಷ್ಟಾಗಿ ಗೊತ್ತಿಲ್ಲ’ ಎಂಬ ಸಾಲು.

ಕಿಟ್ ಬೇಡ ಅನ್ನುವುದಿಲ್ಲ, ಆದರೆ ಅದು ಆಮೇಲೆ. ಎಷ್ಟೋ ಕಿಟ್‌ಗಳಲ್ಲಿ ಏನಾಗುತ್ತದೆ ಅನ್ನೋದನ್ನು ಡಬ್ಬಿಯ ಮೇಲೇ ಬರೆದಿರುತ್ತಾರೆ. ಮಗು ಹೇಳಿದ ಹಾಗೆ ಮಾಡುತ್ತದೆ, ಹೇಳಿದ್ದೇ ಆಗುತ್ತದೆ, ಮರುದಿನ ಡಬ್ಬಿ ಕಪಾಟು ಸೇರುತ್ತದೆ. ಮಕ್ಕಳಿಗೆ ಬೇಕಾದ್ದು ತಾವೇ ಒಂದು ಊಹೆ ಮಾಡಿ, ಅದು ಸರಿಯೋ ತಪ್ಪೋ ತಾವೇ ನೋಡುವ ಅವಕಾಶ.

ಹೋದ ತಿಂಗಳು ಅಕ್ಕನ ಮಗನ ಜೊತೆ ಕೂತಿದ್ದೆ. ಒಂದು ದಾರ, ಒಂದು ಸಣ್ಣ ಬೀಗ, ಮೊಬೈಲಿನ ಸ್ಟಾಪ್‌ವಾಚ್. ಇಷ್ಟೇ ಸಾಮಾನು. ಮೇಜಿನ ಅಂಚಿಗೆ ದಾರ ಕಟ್ಟಿ ಬೀಗವನ್ನು ಇಳಿಬಿಟ್ಟೆವು. ಕಟ್ಟಿದ ಜಾಗದಿಂದ ಬೀಗದ ನಡುವಿನವರೆಗೆ 25 ಸೆಂಟಿಮೀಟರ್. ಮೆಲ್ಲಗೆ ತೂಗಿಸಿದರೆ, ಹತ್ತು ಸಲ ಹೋಗಿ ಬರಲು ಸುಮಾರು 10 ಸೆಕೆಂಡು ಹಿಡಿಯಿತು. ‘ದೊಡ್ಡ ಬೀಗ ಕಟ್ಟಿದರೆ?’ ಅಂತ ಕೇಳಿದೆ. ‘ಇನ್ನೂ ಬೇಗ. ಭಾರ ಜಾಸ್ತಿ ಅಲ್ವಾ?’ ಅಂದ. ಆ ಮಾತನ್ನು ಅವನ ಕೈಯಲ್ಲೇ ಹಾಳೆಯ ಮೇಲೆ ಬರೆಸಿದೆ. ಅಷ್ಟೇ ಉದ್ದಕ್ಕೆ ದೊಡ್ಡ ಬೀಗ ಕಟ್ಟಿ ನೋಡಿದ. ಮತ್ತೆ ಅದೇ 10 ಸೆಕೆಂಡು. ಎಣಿಸಿದ್ದು ತಪ್ಪಿರಬೇಕು ಅಂತ ಮೂರು ಸಲ ಮಾಡಿದ.

‘ಸರಿ, 20 ಸೆಕೆಂಡು ಬರಬೇಕಾದರೆ?’ ದಾರವನ್ನು ಎರಡರಷ್ಟು ಉದ್ದ ಮಾಡಿದ, 50 ಸೆಂಟಿಮೀಟರ್. ಬಂದದ್ದು 14 ಸೆಕೆಂಡು. ಮುಖ ಸಪ್ಪಗಾಯಿತು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ತಡೆದುಕೊಂಡೆ. ಹಾಗೆ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ದಾರ ಉದ್ದ ಮಾಡುತ್ತಾ ಹೋದ, ಮೇಜಿನ ಎತ್ತರ ಸಾಲದೆ ಕಿಟಕಿಯ ಸರಳಿಗೆ ಕಟ್ಟಿದ, 1 ಮೀಟರ್ ಮುಟ್ಟಿದಾಗ 20 ಸೆಕೆಂಡು ಬಂತು. ಅವನ ಕೂಗಿಗೆ ಪಕ್ಕದ ಕೋಣೆಯಲ್ಲಿದ್ದ ಅಕ್ಕ ಓಡಿ ಬಂದಳು. ಸಮಯ ಎರಡರಷ್ಟಾಗಲು ಉದ್ದ ನಾಲ್ಕರಷ್ಟಾಗಬೇಕು ಅನ್ನೋದನ್ನು ಆ ಹುಡುಗ ಇನ್ನು ಬಾಯಿಪಾಠ ಮಾಡಬೇಕಿಲ್ಲ.

ನಿಮಗೆ ವಿಜ್ಞಾನ ಗೊತ್ತಿಲ್ಲದಿದ್ದರೆ ಒಳ್ಳೆಯದೇ ಆಯಿತು. ನಿಮ್ಮ ಊಹೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅಮ್ಮನ ಊಹೆಯೂ ತಪ್ಪಬಹುದು ಅಂತ ಕಂಡರೆ ಮಕ್ಕಳಿಗೆ ತಪ್ಪುವ ಭಯ ಹೋಗುತ್ತದೆ.

ಶಾಲೆಯಲ್ಲಿ ಸಿಲೆಬಸ್ ಮುಗಿಸುವ ಗಡಿಬಿಡಿ ಇರುತ್ತದೆ, ನಿಜ. ಆದರೆ ಇರುವ ಪ್ರಯೋಗವನ್ನೇ ಬೇರೆ ಥರ ಮಾಡಬಹುದು. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕುತ್ತಾರಲ್ಲ, ಅದನ್ನೇ ನೋಡಿ. ‘ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಏರಿತು’ ಎಂದು ಬರೆಸಿ ಮುಗಿಸುವುದೇ ಹೆಚ್ಚು. ಆದರೆ ‘ನೀರು ಯಾವಾಗ ಏರುತ್ತದೆ?’ ಅಂತ ಮೊದಲೇ ಕೇಳಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಉರಿ ಆರಿದ ಮೇಲೆ ನೀರು ಸರ್ರನೆ ಏರುವುದು ಅವರಿಗೇ ಕಾಣುತ್ತದೆ. ಒಂದರ ಬದಲು ಮೂರು ಬತ್ತಿ ಇಟ್ಟರೆ ಇನ್ನೂ ಮೇಲೇರುತ್ತದೆ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ ಅಲ್ವಾ, ಮತ್ತೆ ಹೇಗೆ? ಬಿಸಿಗೆ ಹಿಗ್ಗಿದ ಗಾಳಿ ತಣ್ಣಗಾಗಿ ಕುಗ್ಗುವುದೇ ಮುಖ್ಯ ಕಾರಣ. ಆ ಮಾತು ಮಕ್ಕಳ ಬಾಯಿಂದಲೇ ಬರಲಿ, ಒಂದು ಪೀರಿಯಡ್ ಹೋದರೂ ಹೋಗಲಿ. ನಿಮ್ಮ ಶಾಲೆಯ ಟೀಚರ್ ಹತ್ತಿರ ಈ ಮಾತು ಆಡಿ ನೋಡಿ. ಬೇಡ ಅನ್ನಲಾರರು.

ಮೇಣದಬತ್ತಿಯಲ್ಲಿ ಏನು ಮಹಾ ಅನ್ನಿಸಬಹುದು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ಬಂದು ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ, 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ಆರು ಉಪನ್ಯಾಸ ಕೊಟ್ಟರು. ಆರಕ್ಕೂ ವಿಷಯ ಮೇಣದಬತ್ತಿಯೇ.

ಬೆಂಕಿಯ ಪ್ರಯೋಗವಾದರೆ ನೀವು ಪಕ್ಕದಲ್ಲೇ ಇರಿ. ದಾರ ಮತ್ತು ಬೀಗವಾದರೆ ಇವತ್ತೇ ಶುರು ಮಾಡಬಹುದು. ಮಗಳು ಹಾಳೆಯ ಮೇಲೆ ಬರೆದ ಮೊದಲ ಊಹೆ ಏನಿತ್ತು ಅಂತ ನನಗೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

– ಸಂಪಾದಕ