ಕಂಪ್ಯೂಟರ್ ಮಾರುತ್ತಿದ್ದ ಪಿಕ್ಸಾರ್ ಸಿನಿಮಾದಲ್ಲಿ ಗೆದ್ದದ್ದು ಹೇಗೆ?

1986ರಲ್ಲಿ ಆ್ಯಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್, ‘ಸ್ಟಾರ್ ವಾರ್ಸ್’ ಚಿತ್ರಗಳ ಕಂಪನಿ ಲ್ಯೂಕಾಸ್‌ಫಿಲ್ಮ್‌ನ ಕಂಪ್ಯೂಟರ್ ವಿಭಾಗವನ್ನು 50 ಲಕ್ಷ ಡಾಲರಿಗೆ ಕೊಂಡು, ಬಂಡವಾಳವಾಗಿ ಇನ್ನೂ ಅಷ್ಟೇ ಹಾಕಿದರು. ಆ ವಿಭಾಗವೇ ಪಿಕ್ಸಾರ್ ಕಂಪನಿಯಾಯಿತು. ಅದು ಆಗ ಮಾರುತ್ತಿದ್ದದ್ದು ಚಿತ್ರ ಸಂಸ್ಕರಣೆಯ ದುಬಾರಿ ಯಂತ್ರ. ಕೊಳ್ಳುವವರು ಕಡಿಮೆ, ವರ್ಷಗಟ್ಟಲೆ ನಷ್ಟ.

ಕಂಪನಿಯ ದಿಕ್ಕು ಬದಲಿಸಿದ್ದು ಅಲ್ಲಿನ ಆನಿಮೇಟರ್ ಜಾನ್ ಲ್ಯಾಸೆಟರ್ ಮಾಡಿದ ಕಂಪ್ಯೂಟರ್ ಆನಿಮೇಷನ್ ಕಿರುಚಿತ್ರಗಳು. ಅದೇ ವರ್ಷದ ‘ಲಕ್ಸೋ ಜೂನಿಯರ್’ ನೋಡಿ: ಎರಡು ಟೇಬಲ್ ಲ್ಯಾಂಪು, ಒಂದು ಚೆಂಡು. ಕಣ್ಣಿಲ್ಲ, ಬಾಯಿಲ್ಲ. ಆದರೂ ಚೆಂಡು ಒಡೆದಾಗ ಪುಟ್ಟ ದೀಪ ತಲೆ ತಗ್ಗಿಸುವುದು ನೋಡಿದರೆ ಕರುಳು ಚುರ್ ಎನ್ನುತ್ತದೆ. ನನ್ನ ಪ್ರಕಾರ ಪಿಕ್ಸಾರ್‌ನ ನಿಜವಾದ ಬಂಡವಾಳ ಇದೇ.

1991ರಲ್ಲಿ ಪೂರ್ಣಾವಧಿ ಚಿತ್ರ ಮಾಡಲು ಡಿಸ್ನಿ ಜೊತೆ ಒಪ್ಪಂದವಾಯಿತು. ಆಗಿನ ಕಂಪ್ಯೂಟರಿಗೆ ಚರ್ಮ, ಕೂದಲು ಕಷ್ಟ, ಪ್ಲಾಸ್ಟಿಕ್ ಸಲೀಸು. ಹಾಗಾಗಿ ಆಟಿಕೆಗಳ ಕಥೆ ಚೆನ್ನಾಗಿ ಹೊಂದಿತು. ಆದರೆ 1993ರ ನವೆಂಬರಿನಲ್ಲಿ ಆ ಚಿತ್ರ ‘ಟಾಯ್ ಸ್ಟೋರಿ’ಯ ಕರಡು ನೋಡಿದ ಡಿಸ್ನಿ ಕೆಲಸವನ್ನೇ ನಿಲ್ಲಿಸಿತು. ನಾಯಕ ವುಡಿ ಅಷ್ಟು ಸಿಡುಕನಾಗಿದ್ದ! ತಂಡ ಕಥೆಯನ್ನು ಮತ್ತೆ ಬರೆಯಿತು.

1995ರ ನವೆಂಬರ್ 22ಕ್ಕೆ ಚಿತ್ರ ಬಂತು. ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ. ಒಂದೇ ವಾರದಲ್ಲಿ ಪಿಕ್ಸಾರ್ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ ಹಣ ಎತ್ತಿತು. ಈ ಜಾಣತನವನ್ನು ಬಹಳ ಜನ ಗಮನಿಸುವುದಿಲ್ಲ. ಕೈಯಲ್ಲಿ ಸ್ವಂತ ದುಡ್ಡಿದ್ದದ್ದರಿಂದಲೇ 1997ರಲ್ಲಿ ಡಿಸ್ನಿ ಜೊತೆ ಖರ್ಚು, ಲಾಭ ಎರಡರಲ್ಲೂ ಸಮಪಾಲು ಕೇಳಿ ಪಡೆಯಲು ಸಾಧ್ಯವಾಯಿತು. 2006ರಲ್ಲಿ ಅದೇ ಡಿಸ್ನಿ ಸುಮಾರು 740 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಪಿಕ್ಸಾರನ್ನು ಕೊಂಡಿತು.